ಅತ್ತಿಯ ಕಾಲಿಗೆ ಹಚ್ಚಿದ ಪೌಡರ್

ಮೊನ್ನೆ ನನ್ನ ಫೋಟೊ ಸ್ಟುಡಿಯೋಕ್ಕೆ ಬಂದ ಗಿರಾಕಿಯೊಬ್ಬ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡ, ಮೀಸೆ ತಿದ್ದಿಕೊಂಡ, ಆಮೇಲೆ ಪೌಡರ್ ಡಬ್ಬಿ ಎತ್ತಿಕೊಂಡವನು ಮಾರಿಗೆ ಹಚ್ಚಿಕೊಳ್ಳುವುದು ಬಿಟ್ಟು ಬಗ್ಗಿ, ಕಾಲಿಗೆ ಸುತ್ತಿದ ಬಟ್ಟೆ ಸರಿಸಿ, ಅಲ್ಲಿ ಉದುರಿಸಿಕೊಳ್ಳತೊಡಗಿದ.

ನೀವು ಹಳೆಯ ಸ್ಟುಡಿಯೋಗಳನ್ನು ಕಂಡವರಾಗಿದ್ದರೆ ನನ್ನದನ್ನು ಬಣ್ಣಿಸಬೇಕಾಗಿಲ್ಲ. ವಿಜಯಪುರದ ಬಸ್ ಸ್ಟ್ಯಾಂಡಿನಿಂದ ನಡೆದು ಬರುವಷ್ಟು ದೂರದಲ್ಲಿ ಒಂದು ಮಾಳಿಗೆಯ ಮೇಲಿದೆ. ಮೂಲೆಯಲ್ಲಿ ಒಂದು ಕನ್ನಡಿ, ಅದರ ಕೆಳಗೆ ಹಲ್ಲು ಮುರಿದ ಬಾಚಣಿಗೆ, ಗುಲಾಬಿ ವಾಸನೆಯ ಪೌಡರ್, ಗೂಟಕ್ಕೆ ಒಂದು ಕರಿ ಕೋಟು. ಆ ಕೋಟು ಎಂಥೆಂಥ ಅಳತೆಯ ಗಂಡಸರಿಗೂ ಬೆನ್ನ ಹಿಂದೆ ಪಿನ್ನು ಚುಚ್ಚಿಸಿಕೊಂಡು ಒಪ್ಪುತ್ತಾ ಬಂದಿದೆ. ಈಗ ಎಲ್ಲರ ಕೈಯಲ್ಲೂ ಮೊಬೈಲು. ಮೊಬೈಲಿನಲ್ಲಿ ಮಾರಿ ತಾನೇ ಬೆಳ್ಳಗಾಗುತ್ತದಂತೆ. ಹೀಗಾಗಿ ನನ್ನ ಡಬ್ಬಿಯ ಮುಚ್ಚಳ ತೆರೆಯುವವರು ಅಪರೂಪ. ಅಪರೂಪಕ್ಕೆ ತೆರೆದವನೂ ಅದನ್ನು ಕಾಲಿಗೆ ಹಾಕಿಕೊಂಡರೆ?

"ಸಿಟ್ಟಾಗಬ್ಯಾಡ್ರಿ ಅಣ್ಣಾ," ಅಂದ ಆತ. ತಿಕೋಟಾ ಕಡೆಯವನು, ದ್ರಾಕ್ಷಿ ತೋಟದಲ್ಲಿ ಕೆಲಸ. "ಇಲ್ಲಿಂದ ಸೀದಾ ದವಾಖಾನಿಗೆ ಹೊಂಟೀನ್ರಿ. ಕಾರ್ಡಿಗೆ ಫೋಟೊ ತಗೊಂಡ ಬಾ ಅಂದಾರ. ಕಾಲು ಒಂದೀಟು ವಾಸನಿ ಹೊಡಿತೈತಿ. ಡಾಕ್ಟರ ಮುಂದ ಹ್ಯಾಂಗ ಇಡೂದು, ಹೇಳ್ರಿ?"

ಗುಲಾಬಿಯ ವಾಸನೆ, ಅದರ ಅಡಿಯಲ್ಲಿ ಇನ್ನೊಂದು ವಾಸನೆ. ಎರಡೂ ಕೂಡಿ ಮೂಗಿಗೆ ಬಡಿದದ್ದೇ ತಡ, ನಾನು ಆತನ ಕೈಯಿಂದ ಡಬ್ಬಿ ಕಸಿದುಕೊಂಡೆ. ಆತ ಬೆಪ್ಪಾಗಿ ನಿಂತ. ಒಂದು ಚಿಟಿಕೆ ಪೌಡರಿಗೆ ಇಷ್ಟು ಜಿಪುಣತನವೇ ಅಂದುಕೊಂಡಿರಬೇಕು. ಆತ ಹಂಗೇ ನಿಂತಿರಲಿ. ನಾನ್ಯಾಕೆ ಕಸಿದುಕೊಂಡೆ ಅನ್ನುವುದನ್ನು ಮೊದಲು ನಿಮಗೆ ಹೇಳಬೇಕು.

ನೀಲವ್ವತ್ತಿ ನನ್ನ ಅಪ್ಪನ ಅಕ್ಕ. ನಿಡೋಣಿಯಲ್ಲಿ ಮನೆ, ಊರಾಚೆ ಕಪ್ಪು ಮಣ್ಣಿನ ಎರಿ ಹೊಲ. ಮಕ್ಕಳಿರಲಿಲ್ಲ. ಮಾವ ಬೇಗ ಹೋದ. ಹೊಲ ಮಾತ್ರ ಅವಳನ್ನು ಬಿಡಲಿಲ್ಲ, ಅವಳೂ ಅದನ್ನು ಬಿಡಲಿಲ್ಲ. ನಾನು ಈಗ ನಿಮ್ಮ ಮುಂದೆ ಆಡುತ್ತಿರುವ ಮಾತುಗಳಲ್ಲಿ ಮುಕ್ಕಾಲು ಪಾಲು ಅವಳವು. ಸಾಲಿ ಸೂಟಿ ಬಿಟ್ಟಾಗ ಅವಳ ಹಿಂದೆ ಹೊಲದಲ್ಲಿ ತಿರುಗಿ ತಿರುಗಿ ಕಲಿತದ್ದು. ಮೋಡ ನೋಡಿ ಬೈಯುವುದು, ಎತ್ತಿನ ಕಿವಿಯಲ್ಲಿ ಗುಟ್ಟು ಹೇಳುವುದು, ಬೇಡದ ನೆಂಟರು ಬಂದರೆ ನಗುನಗುತ್ತಾ ಅವರನ್ನು ಬಸ್ಸಿನ ಹೊತ್ತಿಗೆ ಎಬ್ಬಿಸುವುದು, ಎಲ್ಲ ಅವಳ ವಿದ್ಯೆ. ಒಂದು ಸಂಗತಿ ಹೇಳಲು ಕೂತಳೆಂದರೆ ಒಲೆಯ ಮೇಲಿನ ಬ್ಯಾಳಿ ಹೊತ್ತಿ ಹೋದರೂ ಎದ್ದವಳಲ್ಲ.

ಊರಿನಲ್ಲಿ ಅವಳಿಗೆ ಇನ್ನೊಂದು ಹೆಸರಿತ್ತು. ಮುಳ್ಳಿನ ನೀಲವ್ವ. ಯಾರ ಕಾಲಿಗೆ ಮುಳ್ಳು ಮುರಿದರೂ ಅವಳ ಕಟ್ಟೆಗೇ ಬರಬೇಕು. ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಸೂಜಿಯನ್ನು ದೀಪಕ್ಕೆ ಹಿಡಿದು, ಅಳುವವರನ್ನು ಬೈದು ನಗಿಸುತ್ತಾ ಬಗೆದು ತೆಗೆಯುತ್ತಿದ್ದಳು. "ಗಂಡಸಾಗಿ ಹುಟ್ಟಿ ಒಂದ ಮುಳ್ಳಿಗೆ ಹೊಯ್ಕೊಂತಿಯೇನಲೇ? ಹಡಿಯೂದು ನಿನಗ ಬರಲಿಲ್ಲ ನೋಡು, ಅದಕ ದೇವರು ಶಾಣ್ಯಾ ಅನ್ನೂದು!" ತೆಗೆದ ಮೇಲೆ ಎಕ್ಕೆಯ ಹಾಲು ಒಂದು ತೊಟ್ಟು. ಮುಗಿಯಿತು.

ಮುಳ್ಳು ತುಳಿಯದೆ ಯಾರಿದ್ದರು ಹೇಳ್ರಿ? ಹೊಲಕ್ಕೆ ಚಪ್ಪಲಿ ಹಾಕಿಕೊಂಡು ಹೋಗುವವರೇ ಇರಲಿಲ್ಲ. ಹಸಿ ಎರಿಯಲ್ಲಿ ಚಪ್ಪಲಿಯಿಟ್ಟರೆ ಮೂರನೆಯ ಹೆಜ್ಜೆಗೆ ಅಡಿಗೊಂದು ಒಳಕಲ್ಲು ಕಟ್ಟಿಕೊಂಡಂತೆ ಮಣ್ಣು ಹತ್ತುತ್ತದೆ. ಅದು ಒಂದು ಕಾರಣ. ಅತ್ತಿಯದು ಬೇರೆಯೇ. ನಾನು ಸ್ಟುಡಿಯೋ ತೆರೆದ ವರ್ಷ ಅವಳಿಗೊಂದು ಜೋಡು ಒಯ್ದುಕೊಟ್ಟಿದ್ದೆ. ಬದುವಿನವರೆಗೆ ಹಾಕಿಕೊಂಡು ಬಂದಳು. ಅಲ್ಲಿ ಬನ್ನಿ ಗಿಡದ ಬುಡಕ್ಕೆ ಬಿಟ್ಟು ಹೊಲಕ್ಕಿಳಿದಳು.

"ಹಾಕ್ಕೋ ಬೇ, ಜಾಲಿ ಮುಳ್ಳ ಅದಾವ," ಅಂದೆ.

"ತಾಯಿ ಎದಿ ಮ್ಯಾಲ ಮೆಟ್ಟ ಹಾಕ್ಕೊಂಡು ನಡಿಲೇನು? ನೀನ ನಡಿ, ನೀ ಪ್ಯಾಟಿಯಾಂವ."

ರಾಶಿಯ ಕಣದಲ್ಲಂತೂ ಕೇಳಲೇಬೇಡಿ. ಸುತ್ತಲಿನವರೆಲ್ಲ ಮಷಿನ್ನಿಗೆ ಕೊಟ್ಟು ರಾಶಿ ಮಾಡಿಸತೊಡಗಿದ ಮೇಲೂ ಅವಳು ಒಂದಿಷ್ಟು ಜೋಳವನ್ನಾದರೂ ಕಣ ಮಾಡಿ, ಸೆಗಣಿಯಿಂದ ಸಾರಿಸಿ, ಬರಿಗಾಲಲ್ಲಿ ನಿಂತು ತೂರಿದರೇ ಸಮಾಧಾನ. ಆ ಕಣಕ್ಕೆ ಮೆಟ್ಟು ಹಾಕಿಕೊಂಡು ಕಾಲಿಟ್ಟವನು ಯಾವ ಸಾಹೇಬನಾದರೂ ಬೈಸಿಕೊಂಡೇ ಹೋಗಬೇಕು.

ಹಂಗ ಒಂದು ಸುಗ್ಗಿಯಲ್ಲಿ ಜಾಲಿ ಮುಳ್ಳು ಅವಳ ಅಂಗಾಲಿಗೇ ಹೊಕ್ಕಿತು. ಊರಿನವರ ಮುಳ್ಳು ತೆಗೆಯುವವಳು ತನ್ನದನ್ನು ತಾನೇ ತೆಗೆದುಕೊಂಡಳು. ತುದಿ ಒಳಗೇ ಮುರಿಯಿತೋ ಏನೋ. ಎಕ್ಕೆಯ ಹಾಲು ಹಚ್ಚಿದಳು, ಮರೆತಳು. ಮುಂದಿನ ಸುಗ್ಗಿಯ ಹೊತ್ತಿಗೆ ಆ ಜಾಗದಲ್ಲಿ ಹುಣಸೆ ಬೀಜದಷ್ಟು ಗಂಟು. ಅದರ ಮುಂದಿನ ಸುಗ್ಗಿಗೆ ನಿಂಬೆಕಾಯಿಯಷ್ಟು. ನೋವಿಲ್ಲ. ಇದೇ ನೋಡ್ರಿ ಅದರ ಮೋಸ. ನೋವಿದ್ದಿದ್ದರೆ ಕೂಗುತ್ತಿದ್ದಳು, ನಾವು ಓಡುತ್ತಿದ್ದೆವು. "ಬ್ಯಾನಿ ಇಲ್ಲದ್ದು ಎಂಥಾ ಬ್ಯಾನಿ?" ಅಂದು ಅವಳು ಅದನ್ನೇ ಊರಿ ನಡೆದಾಡಿದಳು.

ಆಮೇಲೆ ಗಂಟಿನ ಮೇಲೆ ಸಣ್ಣ ಸಣ್ಣ ಬಾಯಿಗಳು ತೆರೆದವು. ಒಂದು ಮುಚ್ಚಿದರೆ ಪಕ್ಕದಲ್ಲಿ ಎರಡು. ಒಂದಿಷ್ಟು ಕೀವು, ಕೀವಿನೊಳಗೆ ಕರ್ರಗಿನ ಸಣ್ಣ ಹರಳು. ಸಾಸಿವೆಗಿಂತ ಸಣ್ಣವು.

ನಾನು ಹೋದಾಗ ಅತ್ತಿ ಕಾಲು ಮುಂದೆ ಚಾಚಿ ತೋರಿಸಿದಳು, ಏನೋ ಚೋದ್ಯ ತೋರಿಸುವವರಂತೆ. "ನೋಡ್ಲೇ ತಮ್ಮಾ, ನಮ್ಮ ಹೊಲಾ ಹೊರಗ ಬರಾಕತ್ತೈತಿ!"

ಮುಳ್ಳಿನ ಜೊತೆ ಒಳಗೆ ಹೋದ ಎರಿ ಮಣ್ಣು ಈಗ ಹೊರಗೆ ಬೀಳುತ್ತಿದೆ ಎಂದು ಅವಳ ಲೆಕ್ಕ. ಮಣ್ಣೆಲ್ಲ ಬಿದ್ದು ಮುಗಿದರೆ ಕಾಲು ತಾನೇ ಆರುತ್ತದೆ. ನಗಬೇಡಿ. ನಮ್ಮ ಕಡೆಯ ಮಣ್ಣು ನೀವು ಕಂಡಿಲ್ಲ. ಉಗುರಿನ ಸಂದಿಯಲ್ಲಿ ಅದು, ಕಿವಿಯಲ್ಲಿ ಅದು, ತೊಳೆದು ಒಣಹಾಕಿದ ಅಂಗಿಯ ಕಿಸೆಯಲ್ಲೂ ಅದು. ಅಂಗಾಲಿನಿಂದ ಕರ್ರಗೆ ಬಿದ್ದದ್ದು ಮಣ್ಣಲ್ಲದೆ ಮತ್ತೇನಿದ್ದೀತು? ಊರಲ್ಲಿ ಒಬ್ಬರೂ ಬೇರೆ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಹಿಗ್ಗಿಸಿ ನೋಡುವ ಗಾಜನ್ನು ದಿನಾ ಕಣ್ಣಿಗೆ ಹಿಡಿಯುವವನು ನಾನು. ಮದುಮಗಳ ಗದ್ದದ ಮೇಲಿನ ಮಚ್ಚೆಯನ್ನು ಹುಡುಕಿ ಹುಡುಕಿ ಅಳಿಸುವವನು. ಆ ಗಾಜನ್ನು ಒಂದು ಸಲ ಅತ್ತಿಯ ಕಾಲಿಗೆ ಹಿಡಿಯಬೇಕೆಂದು ಹೊಳೆಯಲಿಲ್ಲ. ಅವಳು ದಿನಾ ಬೇವಿನ ಎಲೆ ಕುದಿಸಿದ ನೀರಿನಲ್ಲಿ ಕಾಲು ತೊಳೆದಳು. ಹರಳೆಲ್ಲ ಬಚ್ಚಲಿಗೆ ಹೋದವು.

ಒಂದು ದಿನ ನಾನೇ ಹಟ ಹಿಡಿದು ಅವಳನ್ನು ವಿಜಯಪುರಕ್ಕೆ ಕರೆಸಿದೆ. ನನಗೆ ಪರಿಚಯದ ಒಬ್ಬ ಡಾಕ್ಟರು ಇದ್ದರು. ಪರಿಚಯವೆಂದರೆ, ಅವರ ಮನೆಯ ಕಾರ್ಯದ ಫೋಟೊ ನಾನು ತೆಗೆದಿದ್ದೆ. ಅಷ್ಟಕ್ಕೇ ನನ್ನ ಎದೆ ಎರಡು ಗೇಣು. ಅತ್ತಿ ಬಸ್ಸಿಳಿದು, ಮೆಟ್ಟಿಲ ಮೇಲೆ ಒಂದೊಂದೇ ಕಾಲಿಡುತ್ತಾ ಸ್ಟುಡಿಯೋಕ್ಕೆ ಬಂದಳು. ಕಾಲಿಗೆ ಹಳೇ ಸೀರೆಯ ಚೂರು ಸುತ್ತಿದ್ದಳು. ಅದರ ಮೇಲೆ ಕಲೆ. ನೊಣ.

"ಏನ್ ಬೇ ಅತ್ತಿ, ಇಂಥಾ ಕಾಲು ತಗೊಂಡು ಅಂಥಾ ಡಾಕ್ಟರ ಮುಂದ ಹೋಗೂದೇನು? ಅವರು ನನ್ನ ಏನಂತ ತಿಳಿದಾರು?"

ನೋಡ್ರಿ, "ನನ್ನ" ಅಂದೆ ನಾನು.

ಅವಳನ್ನು ಕುರ್ಚಿಯ ಮೇಲೆ ಕೂಡಿಸಿದೆ. ಬಕೆಟ್ಟಿನಲ್ಲಿ ನೀರು ತಂದು ಸಾಬೂನು ಹಚ್ಚಿ ನಾನೇ ತೊಳೆದೆ. ಒದ್ದೆ ಹತ್ತಿಯಿಂದ ಒಂದೊಂದೇ ಕರಿ ಹರಳನ್ನು, ಫೋಟೊದ ಮೇಲಿನ ಚುಕ್ಕೆ ತೆಗೆದಷ್ಟು ಜತನದಿಂದ ತೆಗೆದೆ. ಬಾಯಿಗಳನ್ನು ಒತ್ತಿ ಒರೆಸಿದೆ. ಮೇಲೆ ಪೌಡರ್ ಸುರಿದೆ. ಬೆಳಕು ತಿರುಗಿಸಲು ಇಟ್ಟುಕೊಂಡ ಹೊಸ ಬಿಳಿ ಬಟ್ಟೆಯನ್ನು ಹರಿದು ಸುತ್ತಿದೆ.

ಅತ್ತಿ ನಕ್ಕಳು. "ಏನಲೇ, ಕಾಲಿಗೆ ಲಗ್ನ ಮಾಡಾಕತ್ತೀಯೇನು? ಅರಿಶಿಣ ಒಂದು ಉಳದೈತಿ ನೋಡು."

ನಾನೂ ನಕ್ಕೆ. ಆ ಕೆಲಸದಲ್ಲಿ ನನಗೆ ಸುಖವಿತ್ತು. ಹಿರಿಯರ ಕಾಲು ತೊಳೆಯುತ್ತಿದ್ದೇನೆ ಎಂಬ ಪುಣ್ಯದ ಜಂಬವೂ ಇತ್ತು. ಈಗ ನೆನೆದರೆ ಬಾಯಿಗೆ ಕಹಿ ಬರುತ್ತದೆ. ಅಷ್ಟು ಪ್ರೀತಿಯಿಂದ ನಾನು ಒರೆಸಿ ಹಾಕಿದ್ದು ಏನನ್ನು?

ಡಾಕ್ಟರು ಬಟ್ಟೆ ಬಿಚ್ಚಿ ಕಾಲನ್ನು ತಿರುಗಿಸಿ ನೋಡಿದರು. ಮುಖ ಗಂಟಿಕ್ಕಿ ಕೇಳಿದರು. ಆ ಮಾತು ನನಗೆ ಇವತ್ತಿಗೂ ಅಕ್ಷರ ತಪ್ಪದೆ ನೆನಪಿದೆ: "ಇದರಾಗಿಂದ ಏನರ ಬೀಳತಾವೇನು? ಕಾಳಿನಂಥಾವು?"

ಅತ್ತಿ ಮುಂದಕ್ಕೆ ಬಾಗಿದಳು. ಸಂಗತಿ ಹೇಳುವವಳ ಕಣ್ಣು ಅರಳಿದವು. "ದಿನಾ ಬೀಳತೈತ್ರಿ ಯಪ್ಪಾ, ಎರಿ ಮ..."

"ಇಲ್ರಿ ಸರ," ಅಂದೆ ನಾನು ನಡುವೆ ಬಾಯಿ ಹಾಕಿ. "ದಿನಾ ತೊಳಕೋತಾಳ್ರಿ. ಸ್ವಚ್ಛ ಇಟ್ಕೊಂಡಾಳ್ರಿ."

ಹೊಲಸು ಅನ್ನಿಸಿಕೊಳ್ಳಬಾರದಲ್ಲ. ಹಳ್ಳಿಯ ಮುದುಕಿ ಕಾಲಿನಿಂದ ಹೊಲ ಬೀಳುತ್ತದೆ ಅಂದರೆ ಅವರು ನಕ್ಕಾರು, ನನ್ನ ಮಾನ ಹೋದೀತು. ಡಾಕ್ಟರು ಮತ್ತೊಮ್ಮೆ ಕಾಲು ನೋಡಿದರು. ಹೊರಗೆ ಸಾಲು ದೊಡ್ಡದಿತ್ತು. "ಚಲೋ ಸ್ವಚ್ಛ ಇಟ್ಟೀರಿ," ಅಂದರು. ಗುಳಿಗೆ ಬರೆದರು, ಪಟ್ಟಿ ಕಟ್ಟಿಸಿದರು. ಅವರನ್ನು ನಾನು ದೂರುವುದಿಲ್ಲ. ಅವರು ಕೇಳಬೇಕಾದದ್ದನ್ನು ಕೇಳಿದ್ದರು.

ಅತ್ತಿಯನ್ನು ಬಸ್ಸಿಗೆ ಹತ್ತಿಸಿದೆ. ಕಿಟಕಿಯ ಬದಿ ಕೂತ ಮೇಲೆ ಒಂದೇ ಮಾತು: "ನನ್ನ ಮಾತ ನುಂಗಿದೆಲ್ಲಲೇ."

ಸಣ್ಣ ಮಾತೆಂದು ನಾನು ಕೈಬೀಸಿ ತಿರುಗಿದೆ.

ಗುಳಿಗೆಗೆ ಬಾಯಿಗಳು ಮುಚ್ಚಿದವು, ಮತ್ತೆ ತೆರೆದವು. ಮುಂದೆ ಎರಡು ವರ್ಷದಲ್ಲಿ ಮೂರು ಸಲ ಅದೇ ಡಾಕ್ಟರ ಹತ್ತಿರ ಹೋದೆವು. ಪ್ರತಿ ಸಲವೂ ಮೊದಲು ಸ್ಟುಡಿಯೋದಲ್ಲಿ ಕಾಲಿನ ಲಗ್ನ. ಅವರೇನು ಆ ಪ್ರಶ್ನೆ ಮತ್ತೆ ಕೇಳಲಿಲ್ಲ, ಉತ್ತರ ಬರೆದಿಟ್ಟುಕೊಂಡಿದ್ದರಲ್ಲ. ಅತ್ತಿಯೂ ಹೇಳಲು ಹೋಗಲಿಲ್ಲ. ಕಾಲು ಉಬ್ಬಿ ಉಬ್ಬಿ, ನೆಲಕ್ಕೆ ಊರಿದರೆ ಬೆರಳು ಮುಟ್ಟದಂತಾಯಿತು. ಊರಿನವರು ಮುಳ್ಳು ತೆಗೆಸಿಕೊಳ್ಳಲು ಬರುವುದು ನಿಲ್ಲಿಸಿದರು. "ನೀಲವ್ವಗ ತ್ರಾಸ ಯಾಕ," ಅನ್ನುತ್ತಿದ್ದರು ಬಾಯಲ್ಲಿ. ಅಂಟೀತೆಂಬ ಅಂಜಿಕೆ ಕಣ್ಣಲ್ಲಿ. ಅದು ಒಬ್ಬರಿಂದ ಒಬ್ಬರಿಗೆ ಅಂಟುವ ಬೇನೆಯೇ ಅಲ್ಲ ಎಂದು ತಿಳಿದದ್ದು ಆಮೇಲೆ. ಊರಿನವರನ್ನು ಯಾಕೆ ಅನ್ನಲಿ, ನಾನೇನು ಮಾಡಿದೆ? ನನ್ನ ಮಗಳ ಲಗ್ನದಲ್ಲಿ ಮನೆಮಂದಿಯ ಗುಂಪಿನ ಫೋಟೊಕ್ಕೆ ಹಿರಿಯರಿಗೆಲ್ಲ ಮುಂದೆ ಕುರ್ಚಿ ಹಾಕಿಸಿದೆ. ಅತ್ತಿಯನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿದೆ, ಕಾಲು ಕಾಣಬಾರದೆಂದು. ನಿಲ್ಲಲಾರದವಳನ್ನು. ಆ ಫೋಟೊ ಈಗಲೂ ಇದೆ. ಬಹಳ ಚಲೋ ಬಂದಿದೆ.

ಐದನೆಯ ಸಲ ಅವಳು ನನಗೆ ಹೇಳದೆ ಬಂದಳು. ನನಗೆ ಲಗ್ನಗಳ ಗದ್ದಲ, ಫೋನು ಎತ್ತಿರಲಿಲ್ಲ. ಹೊಲದಿಂದ ಎದ್ದವಳು ಹಂಗೇ ಬಸ್ಸು ಹತ್ತಿ, ದೊಡ್ಡ ದವಾಖಾನೆಯ ಸಾಲಿನಲ್ಲಿ ಹೋಗಿ ಕೂತಿದ್ದಾಳೆ. ಕಾಲು ತೊಳೆದಿಲ್ಲ, ಬಟ್ಟೆ ಬದಲಿಸಿಲ್ಲ, ಪೌಡರಂತೂ ಇಲ್ಲ. ಅಲ್ಲಿಂದ ನನಗೆ ಕರೆ ಬಂತು. ಹೋದೆ. ಸಣ್ಣ ವಯಸ್ಸಿನ ಡಾಕ್ಟರಮ್ಮ ಒಬ್ಬರು ಬಿಳಿ ಪಟ್ಟಿಯ ಮೇಲೆ ಆ ಕರಿ ಹರಳುಗಳನ್ನು ಇಟ್ಟುಕೊಂಡು, ಕಳೆದ ಮೂಗುತಿ ಸಿಕ್ಕವರಂತೆ ನೋಡುತ್ತಿದ್ದರು.

"ಇವನ್ನ ಮಣ್ಣು ಅಂದ್ಕೊಂಡಿದ್ರಿ?" ಅಂದರು. "ಇದು ಮಣ್ಣಲ್ಲರಿ. ಮಣ್ಣಾಗ ಇರೂ ಬೂಷ್ಟು. ಮುಳ್ಳಿನ ಜೋಡಿ ಒಳಗ ಹೋಗಿ ಗೂಡು ಕಟ್ಟೇತಿ. ಈ ಹರಳ ಅದರ ಗುರುತು. ಗಂಟು ಸಣ್ಣದಿದ್ದಾಗ ಅಷ್ಟ ಕೊಯ್ದು ತಗದು ಗುಳಗಿ ಕೊಡಬಹುದಿತ್ತು. ಈಗ ಎಲುಬಿಗೆ ಹತ್ತೇತಿ. ಇಷ್ಟು ವರ್ಷ ಇವು ಬೀಳೂದು ಯಾರೂ ನೋಡಲಿಲ್ಲೇನು?"

"ನೋಡೀವ್ರಿ," ಅಂದೆ. "ತೊಳದೀವಿ."

ಅತ್ತಿ ನನ್ನ ಕಡೆ ನೋಡಲಿಲ್ಲ. ಡಾಕ್ಟರಮ್ಮನಿಗೇ ಹೇಳಿದಳು, "ನಾ ಅಂದಿದ್ದು ಪೂರಾ ಸುಳ್ಳಲ್ಲ ಹಂಗಾರ. ಹೊಲದಾಗಿಂದ ಬಂದದ್ದ ಅದು."

ಗುಳಿಗೆ ಕೊಟ್ಟು ತಿಂಗಳುಗಟ್ಟಲೆ ನೋಡಿದರು. ಕೊನೆಗೆ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆದರು. ಹಿಂದಿನ ದಿನ ಅವಳು ಕೇಳಿದ್ದು ಒಂದೇ: "ಕೊಯ್ದ ಕಾಲು ನನಗ ಕೊಡ್ರಿ ಯವ್ವಾ. ನನ್ನ ಹೊಲದಾಗ ಹೂಳ್ತೀನಿ. ಅದರ ಮಣ್ಣು ಅದರಾಗ." ಹಾಗೆ ಕೊಡಲು ಬರುವುದಿಲ್ಲವೆಂದರು. ಅತ್ತಿ ತಲೆಯಾಡಿಸಿದಳು. ಮಾತಿನ ಮಲ್ಲಿ ನೀಲವ್ವತ್ತಿ ಸುಮ್ಮನಾದದ್ದನ್ನು ನಾನು ನೋಡಿದ್ದು ಅವತ್ತು.

ಕಾಲು ಹೋದವರಿಗೆ ಸರ್ಕಾರದ ಪ್ರಮಾಣಪತ್ರ ಕೊಡುತ್ತಾರೆ. ಅದಕ್ಕೆ ಫೋಟೊ ಬೇಕು. ಬರೀ ಮಾರಿಯದಲ್ಲ, ಊನ ಕಾಣುವಂಥ ಪೂರ್ತಿ ಫೋಟೊ. ಯಾರು ತೆಗೆಯಬೇಕು? ಅದೇ ಕುರ್ಚಿಯ ಮೇಲೆ ಕೂಡಿಸಿದೆ, ಕಾಲು ತೊಳೆದ ಕುರ್ಚಿಯ ಮೇಲೆ. ಅತ್ತಿ ತಾನೇ ಕನ್ನಡಿ ನೋಡಿ ಕುಂಕುಮವಿಲ್ಲದ ಹಣೆ ಒರೆಸಿಕೊಂಡಳು, ಸೆರಗು ಸರಿ ಮಾಡಿಕೊಂಡಳು, ನಿರಿಗೆಯನ್ನು ಎಳೆದು ಮೊಂಡು ಕಾಲಿನ ಮೇಲೆ ಹೊದೆಸಿ ಕೂತಳು. ನಾನು ಕ್ಯಾಮೆರಾದಿಂದ ಕಣ್ಣು ತೆಗೆಯದೆ, ತೆಗೆದರೆ ಅವಳ ಕಣ್ಣು ಕಾಣುತ್ತದಲ್ಲ, "ಅತ್ತಿ, ಸೀರಿ ಒಂದೀಟು ಮ್ಯಾಲ ಮಾಡು ಬೇ. ಕಾಲು ಕಾಣಬೇಕು," ಅಂದೆ.

ಅವಳು ತಡಮಾಡಿದಳು. ಆಮೇಲೆ ನಿರಿಗೆ ಎತ್ತಿದಳು.

"ಆವಾಗ ಕಾಣಬಾರದು ಅಂದಿ," ಅಂದಳು. "ಈಗ ಕಾಣಬೇಕು ಅಂತಿ. ಆತು, ತಗೀಪಾ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ.

ಅದರ ಮುಂದಿನ ಸುಗ್ಗಿಗೂ ಅವಳು ಆಳು ಹಿಡಿದು ಕಣ ಮಾಡಿಸಿದಳು. ನಾನೂ ಹೋಗಿದ್ದೆ. ಕಂಕುಳಲ್ಲಿ ಕೋಲು ಕೊಟ್ಟು ಕಣದ ಅಂಚಿನವರೆಗೆ ಬಂದವಳು ನಿಂತುಬಿಟ್ಟಳು. ಕೋಲಿನ ತುದಿಗೆ ರಬ್ಬರಿನ ಟೋಪಿ ಇರುತ್ತದಲ್ಲ, ಅದನ್ನೇ ನೋಡಿದಳು.

"ಬಾ ಬೇ, ಏನೂ ಆಗೂದಿಲ್ಲ," ಅಂದೆ.

"ಇದೂ ಮೆಟ್ಟ ಅಲ್ಲೇನಲೇ?" ಅಂದಳು.

ಹೊರಗೇ ಕೂತಳು. ತೂರುವುದನ್ನು ದೂರದಿಂದ ನೋಡಿದಳು. ಹೊಟ್ಟು ಹಾರಿ ಬಂದು ಅವಳ ತಲೆ, ಸೆರಗಿನ ಮೇಲೆ ಬೀಳುತ್ತಿತ್ತು. ಝಾಡಿಸಿಕೊಳ್ಳಲಿಲ್ಲ. ಮತ್ತೊಂದು ಸುಗ್ಗಿ ಅವಳು ನೋಡಲಿಲ್ಲ. ಕಾಲಿನಿಂದ ಹೋದಳೆಂದು ಯಾರೂ ಹೇಳುವುದಿಲ್ಲ. ನಾನೂ ಹೇಳುವುದಿಲ್ಲ. ಕಣದ ಹೊರಗೆ ಕೂತ ದಿನವೇ ಅರ್ಧ ಹೋಗಿದ್ದಳು ಎಂದು ಮಾತ್ರ ನನಗೆ ಗೊತ್ತು.

ಇದು ನೋಡ್ರಿ, ಆ ಪೌಡರ್ ಡಬ್ಬಿಯ ಸಂಗತಿ. ತಿಕೋಟಾದ ಆ ಮನುಷ್ಯ ಇನ್ನೂ ಕನ್ನಡಿಯ ಮುಂದೆ ನಿಂತಿದ್ದ.

"ಒರಿಸ್ಕೋ," ಅಂದೆ. "ಪೌಡರ್ ಅಷ್ಟ ಒರಿಸ್ಕೋ. ಕಾಲು ತೊಳಿಬ್ಯಾಡ. ನಡಿ, ನಾನೂ ಬರ್ತೀನಿ."

"ನೀವ್ಯಾಕ್ರಿ?" ಅಂದ. ಹೌದಲ್ಲ, ನಾನ್ಯಾಕೆ? ಫೋಟೊ ತೆಗೆದು, ಸ್ಟುಡಿಯೋಕ್ಕೆ ಕೀಲಿ ಹಾಕಿ ಹೊರಟೆ. ದವಾಖಾನೆಯ ಅಂಗಳದಲ್ಲಿ ನಳ ಕಂಡದ್ದೇ ಆತ ಅತ್ತ ತಿರುಗಿದ. "ಒಂದ ನಿಮಿಷ ಅಣ್ಣಾ, ಬರೀ ಮ್ಯಾಲಿಂದ ಮ್ಯಾಲ..." ರಟ್ಟೆ ಹಿಡಿದು ಎಳೆದುಕೊಂಡೇ ಹೋದೆ. ಜನ ನೋಡಿದರು. ನೋಡಲಿ.

ಒಳಗಿದ್ದವರು ಬೇರೆ ಡಾಕ್ಟರು. ಕಾಲಿನ ಬಟ್ಟೆ ಬಿಚ್ಚಿಸಿದರು. ಕಾಲು ಹಿಡಿದು ತಿರುಗಿಸಿದರು. ಮುಖ ಗಂಟಿಕ್ಕಿದರು. ಕೇಳಿದರು, ಅದೇ ಮಾತು ಅಲ್ಲದಿದ್ದರೂ ಅದೇ. "ಇದರಾಗಿಂದ ಏನರ ಬೀಳತೈತಿ?"

ಆತ ನಾಚಿಕೆಯಿಂದ ನನ್ನ ಮಾರಿ ನೋಡಿದ, ನೀವ ಏನರ ಹೇಳ್ರಿ ಎನ್ನುವಂತೆ. ಮಾತಾಡುವುದರಲ್ಲೇ ಆಯುಷ್ಯ ಕಳೆದವನು ನಾನು. ನಾಲಿಗೆಯ ತುದಿಗೆ ಎಷ್ಟು ಬಂತೋ ಅಷ್ಟನ್ನೂ ಹಲ್ಲಿನಿಂದ ಕಚ್ಚಿ ಹಿಡಿದು ಗೋಡೆಯ ಕಡೆ ಮಾರಿ ಮಾಡಿ ನಿಂತೆ.

"ಕರಿ ಮಣ್ಣಿನಂಥಾದ್ದು ಬೀಳತೈತ್ರಿ," ಅಂದ ಆತ ನನ್ನ ಬೆನ್ನ ಹಿಂದೆ. "ಹರಳ ಹರಳ."

ಡಾಕ್ಟರು ಕುರ್ಚಿಯನ್ನು ಹತ್ತಿರ ಎಳೆದುಕೊಂಡ ಸಪ್ಪಳ. ದೀಪ ಹಚ್ಚಿರಿ ಅಂದರು ಯಾರಿಗೋ.

ಇಷ್ಟೇ. ಐದಾರು ಮಾತು. ಅತ್ತಿಯೂ ಇಷ್ಟೇ ಹೇಳುವುದಿತ್ತು.